ದಾವಣಗೆರೆಗೆ ಎಂಟಿಬಿನಾ, ರೋಡ್ ಬೈಕಾ? ಎರಡನ್ನೂ ಓಡಿಸಿ ಬರೆದದ್ದು

ಕೊನೆವರೆಗೂ ಓದುವ ಪುರುಸೊತ್ತು ಎಲ್ಲರಿಗೂ ಇರಲ್ಲ, ಅದಕ್ಕೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮನೆ, ಕೆಲಸ ಎರಡೂ ಊರೊಳಗೇ ಇದ್ದರೆ ದಪ್ಪ ಟೈರಿನ ಎಂಟಿಬಿಯೂ (ಮೌಂಟೇನ್ ಬೈಕ್, ಅಂದರೆ ಗುಡ್ಡ, ಮಣ್ಣಿನ ದಾರಿಗೆ ಮಾಡಿದ ಸೈಕಲ್) ಬೇಡ, ಸಣ್ಣ ಟೈರಿನ ರೋಡ್ ಬೈಕೂ (ಒಳ್ಳೆ ರಸ್ತೆಯಲ್ಲಿ ಜೋರಾಗಿ ಹೋಗಲು ಮಾಡಿದ ಸೈಕಲ್) ಬೇಡ. 35ರಿಂದ 40 ಎಂಎಂ ಅಗಲದ ಟೈರು ಇರುವ, ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ಬೋಲ್ಟ್ ತೂತು ಇರುವ ಸೈಕಲ್ ತಗೊಳ್ಳಿ. ಅದನ್ನ ಹೈಬ್ರಿಡ್ ಅನ್ನಲಿ, ಸಿಟಿ ಬೈಕ್ ಅನ್ನಲಿ, ಏನಾದರೂ ಅನ್ನಲಿ. ದಿನಾ ಹರಿಹರಕ್ಕೆ ಹೋಗಿಬರುವವರ ಲೆಕ್ಕ ಮಾತ್ರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಯಾಕೆ ಅಂತ.

ನನ್ನದು 27.5 ಇಂಚಿನ ಎಂಟಿಬಿ. ಸ್ಟೀಲ್ ಫ್ರೇಮು, ಮುಂದೆ ಶಾಕ್ ಅಬ್ಸರ್ವರ್, ಎರಡೂ ಚಕ್ರಕ್ಕೆ ಕೇಬಲ್ ಡಿಸ್ಕ್ ಬ್ರೇಕು, 21 ಗೇರು, ಮೇಲೆಲ್ಲ ಉಬ್ಬುಬ್ಬಾಗಿರುವ 2.1 ಇಂಚಿನ ಗುಬ್ಬಿ ಗುಬ್ಬಿ ಟೈರು. ತೂಕ 16 ಕೆಜಿ ಹತ್ತಿರ. ರೋಡ್ ಬೈಕು ನಮ್ಮ ಅಕ್ಕನ ಮಗನದು, ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಲ್ಯೂಮಿನಿಯಂ ಫ್ರೇಮು, ಬಗ್ಗಿದ ಹ್ಯಾಂಡಲ್ಲು, 25 ಎಂಎಂ ಟೈರು, 11 ಕೆಜಿ. ಮಳೆಗಾಲಕ್ಕೆ ಸ್ವಲ್ಪ ಮುಂಚೆ ಇಬ್ಬರೂ ಸೈಕಲ್ ಅದಲು ಬದಲು ಮಾಡಿಕೊಂಡೆವು, ವಾಪಸ್ ತಗೊಂಡಿದ್ದು ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ. ನನ್ನ ದಾರಿ ವಿದ್ಯಾನಗರದ ಕಡೆಯಿಂದ ಮಂಡಿಪೇಟೆಗೆ, ನಡುನಡುವೆ ಕೆಲಸದ ಮೇಲೆ ಹರಿಹರಕ್ಕೆ. ಕಂಪನಿ ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಈ ಬೆಲೆಯಲ್ಲಿ ಸ್ಟಿಕ್ಕರ್ ಕಿತ್ತರೆ ಯಾವುದು ಯಾರದ್ದು ಅಂತ ಹೇಳುವುದು ಕಷ್ಟ.

ಮೊದಲು ಸ್ಪೀಡಿನ ವಿಷಯ ಮುಗಿಸೋಣ, ಎಲ್ಲರೂ ಕೇಳುವುದು ಅದನ್ನೇ. ರೋಡ್ ಬೈಕ್ ಜೋರಾಗಿ ಹೋಗುತ್ತದೆ, ಎರಡು ಮಾತಿಲ್ಲ. ಆದರೆ ಅದರಿಂದ ಎಷ್ಟು ಹೊತ್ತು ಉಳಿಯುತ್ತದೆ? ಊರೊಳಗೆ 4 ಕಿಲೋಮೀಟರ್ ದಾರಿ ಅಂತ ಇಟ್ಟುಕೊಳ್ಳಿ. ಎಂಟಿಬಿಯಲ್ಲಿ ಗಂಟೆಗೆ 15 ಕಿಲೋಮೀಟರ್ ಸರಾಸರಿ ಬಂದರೆ 16 ನಿಮಿಷ. ರೋಡ್ ಬೈಕಿನಲ್ಲಿ 18 ಬಂದರೆ 13 ನಿಮಿಷ ಚಿಲ್ಲರೆ. ಉಳಿದದ್ದು ಮೂರು ನಿಮಿಷವೂ ಇಲ್ಲ. ಮಂಡಿಪೇಟೆಯಲ್ಲಿ ಹಮಾಲರು ಮೂಟೆ ಇಳಿಸುತ್ತಿರುವ ಒಂದು ಗೂಡ್ಸ್ ಗಾಡಿ ಅಡ್ಡ ನಿಂತರೆ ಸಾಕು, ಆ ಮೂರು ನಿಮಿಷ ಅಲ್ಲೇ ಹೋಯಿತು. ರೈಲ್ವೆ ಲೈನು ನಮ್ಮ ಊರನ್ನ ಎರಡು ಭಾಗ ಮಾಡಿ ಹೋಗಿದೆ, ಅದನ್ನ ದಾಟಬೇಕಾದವರಿಗೆ ಸೈಕಲ್ ಯಾವುದಾದರೂ ಒಂದೇ. ಹರಿಹರ 14 ಕಿಲೋಮೀಟರ್. ಅಲ್ಲಿಗೆ ಎಂಟಿಬಿಯಲ್ಲಿ 18ರ ಲೆಕ್ಕದಲ್ಲಿ 47 ನಿಮಿಷ, ರೋಡ್ ಬೈಕಿನಲ್ಲಿ 23ರ ಲೆಕ್ಕದಲ್ಲಿ 37 ನಿಮಿಷ. ಹೋಗಿ ಬರುವುದು ಸೇರಿ ದಿನಕ್ಕೆ 20 ನಿಮಿಷ ಉಳಿಯುತ್ತದೆ. ಇದು ಸುಮ್ನೆ ಬಿಡುವ ಮಾತಲ್ಲ. ಹಾಗಾಗಿ ದಾರಿ ಐದಾರು ಕಿಲೋಮೀಟರ್ ಒಳಗಿದ್ದರೆ ಸ್ಪೀಡ್ ಅನ್ನುವುದನ್ನೇ ಮರೆತುಬಿಡಿ. ಟೈರು ನೋಡಿ.

ಟೈರು ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಬಡಾವಣೆಗಳ ಒಳಗೆ ಒಂದು ಕ್ರಾಸಿಗೊಂದು ಹಂಪ್ ಇದೆ. ಕೆಲವಕ್ಕೆ ಬಿಳಿ ಪಟ್ಟೆ ಇದೆ, ಕೆಲವು ಮನೆಯವರೇ ಸಿಮೆಂಟ್ ಸುರಿದು ಮಾಡಿಕೊಂಡಿದ್ದು. 25 ಎಂಎಂ ಟೈರಿನಲ್ಲಿ ಪ್ರತಿ ಹಂಪಿಗೂ ಸೀಟು ಬಿಟ್ಟು ಏಳಬೇಕು, ಮೊಣಕೈ ಬಗ್ಗಿಸಬೇಕು, ಆಮೇಲೆ ಕೂರಬೇಕು. ಸೈಕಲ್ ಕೊಡುವಾಗಲೇ ಹುಡುಗ ಹೇಳಿದ್ದ, "ಮಾಮ, ಹಂಪ್ ಮೇಲೆ ಕೂತ್ಕೊಂಡೇ ಹೋಗ್ಬೇಡ, ರಿಮ್ ಔಟ್ ಆಗುತ್ತೆ" ಅಂತ. ರಿಮ್ಮಿಗೆ ಏನೂ ಆಗಲಿಲ್ಲ, ನನ್ನ ಸೊಂಟ ಮಾತ್ರ ಲೆಕ್ಕ ಇಟ್ಟಿತು. ಸಣ್ಣ ಟೈರಿಗೆ 80ರಿಂದ 90 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಬೇಕು. ವಾರಕ್ಕೊಮ್ಮೆ ಹೊಡೆಯಲೇಬೇಕು, ಸಣ್ಣ ಟ್ಯೂಬಿನಿಂದ ಗಾಳಿ ಬೇಗ ಇಳಿಯುತ್ತದೆ. ಹೊಡೆಯದೆ ಬಿಟ್ಟು ಗುಂಡಿಗೆ ಇಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕಪಕ್ಕದಲ್ಲೇ ಎರಡು ತೂತಾಗುತ್ತದೆ. ಮುಳ್ಳಿಲ್ಲ, ಮೊಳೆಯಿಲ್ಲ, ಆದರೂ ಪಂಚರ್.

ಇನ್ನೊಂದು, ಚರಂಡಿ ಮೇಲಿನ ಕಬ್ಬಿಣದ ಜಾಲರಿ. ಅದರ ಸಂದು ರಸ್ತೆಗೆ ಉದ್ದುದ್ದ ಇದ್ದರೆ 25 ಎಂಎಂ ಟೈರು ಅದರೊಳಗೆ ಇಳಿದುಬಿಡುತ್ತದೆ. ಸಿಮೆಂಟ್ ರಸ್ತೆಯ ಎರಡು ಹಲಗೆಗಳ ನಡುವಿನ ಬಿರುಕೂ ಹಾಗೇ. ರೋಡ್ ಬೈಕ್ ಓಡಿಸುವಾಗ ಕಣ್ಣು ಯಾವಾಗಲೂ ನೆಲದ ಮೇಲೇ ಇರುತ್ತದೆ. ಎದುರಿಗೆ ರಾಂಗ್ ಸೈಡಲ್ಲಿ ಬರುವ ಸ್ಕೂಟಿ ನೋಡಬೇಕೋ, ಕೆಳಗಿನ ಬಿರುಕು ನೋಡಬೇಕೋ ನೀವೇ ಹೇಳಿ. ಎಂಟಿಬಿಯಲ್ಲಿ ಈ ತಲೆನೋವೇ ಇಲ್ಲ. 2.1 ಇಂಚಿನ ಟೈರಿಗೆ 35-40 ಪಿಎಸ್‌ಐ ಹಾಕಿದರೆ ಹಂಪು, ಬಿರುಕು, ಜಲ್ಲಿ ಎಲ್ಲದರ ಮೇಲೂ ಆರಾಮಾಗಿ ಹೋಗುತ್ತದೆ.

ಹಾಗಾದರೆ ಎಂಟಿಬಿಯೇ ತಗೊಳ್ಳಿ ಅಂತ ಯಾಕೆ ಹೇಳುತ್ತಿಲ್ಲ? ಎರಡು ಕಾರಣ. ಒಂದು ಶಾಕ್ ಅಬ್ಸರ್ವರ್, ಇನ್ನೊಂದು ಆ ಗುಬ್ಬಿಗಳು.

ಶಾಕ್ ಅಬ್ಸರ್ವರ್ ಬಗ್ಗೆ ನನಗೆ ನಿಜವಾಗಲೂ ಸಿಟ್ಟಿದೆ. ಹತ್ತು ಹದಿನೈದು ಸಾವಿರದ ಸೈಕಲ್ಲಿನ ಶಾಕ್ ಬಿಚ್ಚಿ ನೋಡಿದರೆ ಒಳಗೆ ಇರುವುದು ಒಂದು ಸ್ಪ್ರಿಂಗು, ಜೊತೆಗೆ ಒಂದು ರಬ್ಬರ್ ತುಂಡು. ಒಳ್ಳೆ ಶಾಕಿನಲ್ಲಿ ಎಣ್ಣೆ ಇರುತ್ತದೆ, ಕುಗ್ಗಿದ ಸ್ಪ್ರಿಂಗು ಒಮ್ಮೆಲೇ ಎಗರದ ಹಾಗೆ ಅದು ತಡೆಯುತ್ತದೆ. ಇದರಲ್ಲಿ ಅದಿಲ್ಲ. ಕುಗ್ಗುತ್ತದೆ, ಎಗರುತ್ತದೆ, ಅಷ್ಟೇ. ತೂಕ ಮಾತ್ರ ಎರಡೂವರೆ ಕೆಜಿ ಆಸುಪಾಸು. ಏರು ಸಿಕ್ಕಾಗ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿಯಲ್ಲಿ ಒಂದು ಪಾಲು ಆ ಸ್ಪ್ರಿಂಗ್ ಕುಗ್ಗಿಸುವುದಕ್ಕೇ ಹೋಗುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ತುಕ್ಕು ಹಿಡಿದು ಅದೂ ನಿಲ್ಲುತ್ತದೆ. ಆಮೇಲೆ ಅದು ಸುಮ್ಮನೆ ಭಾರದ ಕಬ್ಬಿಣ. ಊರಿನ ಹಂಪಿಗೆ ಬೇಕಾದ ಮೆತ್ತನೆ ಅಗಲದ ಟೈರೇ ಕೊಡುತ್ತದೆ, ಶಾಕ್ ಬೇಕಿಲ್ಲ. ಹಿಂದೆಯೂ ಶಾಕ್ ಇರುವ ಸೈಕಲ್ಲುಗಳಿವೆಯಲ್ಲ, ಮಕ್ಕಳು ಅಂಗಡಿಯಲ್ಲಿ ಮೊದಲು ಕೈ ತೋರಿಸುವುದು ಅದಕ್ಕೇ. ಆ ಬೆಲೆಯಲ್ಲಿ ಅದನ್ನ ಮುಟ್ಟಲೇ ಬೇಡಿ.

ಗುಬ್ಬಿ ಟೈರಿನದು ಇನ್ನೊಂದು ಕಥೆ. ಆ ಗುಬ್ಬಿಗಳು ಇರುವುದು ಸಡಿಲ ಮಣ್ಣು ಕಚ್ಚಿಕೊಳ್ಳಲು. ಸಿಮೆಂಟ್ ರಸ್ತೆ ಮೇಲೆ ಅವು ಕಚ್ಚುವುದಕ್ಕೆ ಏನೂ ಇಲ್ಲ. ಪ್ರತಿ ಸುತ್ತಿಗೂ ಒತ್ತಿ ಬಗ್ಗಿ ಬಿಡುತ್ತಾ ಗುಂಯ್ ಅಂತ ಸದ್ದು ಮಾಡುತ್ತವೆ, ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮುಂದೆ ನಡೆದು ಹೋಗುತ್ತಿರುವವರು ತಿರುಗಿ ನೋಡುವಷ್ಟು. ಆ ಸದ್ದೆಲ್ಲ ನಿಮ್ಮ ಕಾಲಿನ ದುಡಿಮೆಯೇ. ಕೆಲವು ತಿಂಗಳಲ್ಲಿ ನಡುವಿನ ಗುಬ್ಬಿ ಸವೆದು ಅಂಚಿನವು ಹೊಸದರ ಹಾಗೇ ಉಳಿದಿರುತ್ತವೆ. ಮಣ್ಣಿನ ದಾರಿಗೆ ಬೇಕಾಗುತ್ತದಲ್ಲ ಅಂತ ಕೇಳಬಹುದು. ನಮ್ಮ ಕಡೆ ಮಣ್ಣು ಅಂದರೆ ಎರೆ ಮಣ್ಣು. ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ, ಯಾವ ಟೈರಾದರೂ ನಡೆಯುತ್ತದೆ. ಮಳೆ ಬಂದರೆ ಭದ್ರಾ ನಾಲೆ ಏರಿ ಮೇಲೆ ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೆ ಮೆತ್ತಿಕೊಂಡು ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕವೆ) ಸಂದು ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಎಂಟಿಬಿಯಾದರೂ ಹೆಗಲ ಮೇಲೆ, ರೋಡ್ ಬೈಕಾದರೂ ಹೆಗಲ ಮೇಲೆ. ಹೆಗಲ ಮೇಲೆ ಹೊರುವಾಗ 11 ಕೆಜಿಯದೇ ಮೇಲು, ಅದನ್ನ ಒಪ್ಪುತ್ತೇನೆ.

ಪಂಚರ್ ಅಂಗಡಿ ವಿಷಯ ಹೇಳದಿದ್ದರೆ ಈ ರಿವ್ಯೂ ಪೂರ್ತಿ ಆಗಲ್ಲ. ರೋಡ್ ಬೈಕಿನ ಟ್ಯೂಬಿಗೆ ಪ್ರೆಸ್ಟಾ ವಾಲ್ವ್ ಇರುತ್ತದೆ. ಸಣ್ಣಗೆ, ಉದ್ದಕ್ಕೆ, ತುದಿಯಲ್ಲಿ ತಿರುಗಿಸಿ ಸಡಿಲ ಮಾಡುವ ಒಂದು ಪುಟ್ಟ ತಲೆ. ಎಂಟಿಬಿಯಲ್ಲಿ ಇರುವುದು ಮೋಟಾರ್ ಬೈಕು, ಕಾರುಗಳ ಥರದ್ದೇ ಶ್ರೇಡರ್ ವಾಲ್ವು, ಯಾವ ಕಂಪ್ರೆಸರ್ ಆದರೂ ಕೂರುತ್ತದೆ. ಪಿ.ಬಿ. ರೋಡಿನಲ್ಲಿ ಒಂದು ಸಂಜೆ ರೋಡ್ ಬೈಕಿನ ಗಾಳಿ ಹೋಯಿತು, ತಳ್ಳಿಕೊಂಡು ಅಂಗಡಿಗೆ ಹೋದೆ. ವಯಸ್ಸಾದವರು ಕೂತಿದ್ದರು. ಟೈರು ಬಿಚ್ಚಿ, ಟ್ಯೂಬು ನೀರಿನಲ್ಲಿ ಅದ್ದಿ, ಗುಳ್ಳೆ ನೋಡಿ, ಉಜ್ಜಿ, ಪ್ಯಾಚ್ ಹಾಕಿ ಹತ್ತು ನಿಮಿಷದಲ್ಲಿ ಮುಗಿಸಿದರು. ಆಮೇಲೆ ಪೈಪು ಹಿಡಿದು ವಾಲ್ವಿನ ಮೇಲೆ ಇಟ್ಟರು, ತೆಗೆದರು, ಮತ್ತೆ ಇಟ್ಟರು, ಕನ್ನಡಕ ಮೇಲೆ ಸರಿಸಿ ನೋಡಿದರು.

"ಇದೇನಪ್ಪ ಇದು, ನಮ್ ಪೈಪು ಇದ್ರ ಮೇಲೆ ಕೂರಂಗೇ ಇಲ್ಲ."

"ಇದಕ್ಕೆ ಬೇರೆ ಒಂದು ಪಿನ್ ಬರುತ್ತೆ ಕಾಕಾ."

"ಹಂಗಾದ್ರೆ ಪಿನ್ ಇಟ್ಕಂಡು ಓಡಾಡ್ಬೇಕಪ್ಪ. ಪಂಚರ್ ನಾನ್ ಹಾಕ್ತೀನಿ, ಗಾಳಿ ಎಲ್ಲಿಂದ ತರ್ಲಿ?"

ಅವರು ಹೇಳಿದ್ದು ಸರಿ. ಹಿತ್ತಾಳೆಯ ಆ ಪುಟ್ಟ ಅಡಾಪ್ಟರ್ ನೂರು ರೂಪಾಯಿ ಒಳಗೇ ಸಿಗುತ್ತದೆ, ವಾಲ್ವಿಗೇ ತಿರುಗಿಸಿ ಬಿಟ್ಟುಬಿಡಬಹುದು. ನನ್ನ ಕಿಸೆಯಲ್ಲೇ ಇತ್ತು, ಕೆಲಸ ಆಯಿತು. ಆದರೆ ರೋಡ್ ಬೈಕ್ ತಗೊಳ್ಳುವವರಿಗೆ ಅಂಗಡಿಯಲ್ಲಿ ಇದನ್ನ ಯಾರೂ ಹೇಳಿ ಕೊಡುವುದಿಲ್ಲ. ಜೊತೆಗೆ ಒಂದು ಸ್ಪೇರ್ ಟ್ಯೂಬೂ ಇಟ್ಟುಕೊಳ್ಳಿ. 26 ಇಂಚಿನ ಟ್ಯೂಬು ಯಾವ ಮೂಲೆಯ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ, ರೋಡ್ ಬೈಕಿನ ಚಕ್ರದ ಅಳತೆಯಾದ 700ಸಿಯದು ಕೇಳಿದರೆ ತರಿಸಿಕೊಡುತ್ತೇವೆ ಅನ್ನುವವರೇ ಜಾಸ್ತಿ. ಪಂಚರ್ ಮಾತು ಬಂದಾಗ ಇನ್ನೊಂದು: ಊರ ಅಂಚಿನ ಖಾಲಿ ಸೈಟುಗಳ ಪಕ್ಕ ಸೈಕಲ್ ಇಳಿಸಬೇಡಿ. ಬಳ್ಳಾರಿ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ಎರಡೂ ಅಲ್ಲೇ ಇರುತ್ತವೆ. ನೆಗ್ಗಿಲು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ, ಅದಕ್ಕೆ ಎಂಟಿಬಿ, ರೋಡ್ ಬೈಕ್ ಅನ್ನುವ ಭೇದ ಇಲ್ಲ.

ಈಗ ಹರಿಹರದ ದಾರಿ. ಇಲ್ಲಿ ರೋಡ್ ಬೈಕಿಗೆ ನಾನು ಪೂರ್ತಿ ಸೋತುಹೋದೆ. ಬಾತಿ ಕಡೆ ರಸ್ತೆ ನೇರ, ಸಮತಟ್ಟು. ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ರೋಡ್ ಬೈಕು ತುಳಿದಷ್ಟೂ ಮುಂದೆ ಹೋಗುತ್ತದೆ, ತುಳಿಯುವುದು ಬಿಟ್ಟರೂ ಸ್ವಲ್ಪ ದೂರ ಅದರ ಪಾಡಿಗೆ ಅದು ಹೋಗುತ್ತಲೇ ಇರುತ್ತದೆ. ಎಂಟಿಬಿಯಲ್ಲಿ ತುಳಿಯುವುದು ಬಿಟ್ಟರೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ನಿಂತುಬಿಡುತ್ತದೆ. ಆಷಾಢದಲ್ಲಂತೂ ವ್ಯತ್ಯಾಸ ಇನ್ನೂ ಜಾಸ್ತಿ. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆ ಗಾಳಿ ಬರುವುದು ಪಶ್ಚಿಮದಿಂದ, ಹರಿಹರ ಇರುವುದೂ ಪಶ್ಚಿಮಕ್ಕೇ. ಹೋಗುವಾಗ ಎದುರು ಗಾಳಿ. ಗಾಳಿಯ ತಡೆ ವೇಗದ ಜೊತೆ ನೇರಕ್ಕೆ ಏರುವುದಿಲ್ಲ, ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಸೈಕಲ್ಲಿನದಲ್ಲ, ನಮ್ಮ ಎದೆ, ಹೆಗಲಿನದು. ಎಂಟಿಬಿಯ ಅಗಲದ ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತರೆ ಎದೆಯೇ ಅಡ್ಡ ಗೋಡೆ. ಬಗ್ಗಿದ ಹ್ಯಾಂಡಲ್ಲಿನ ಕೆಳಭಾಗ ಹಿಡಿದು ತಲೆ ತಗ್ಗಿಸಿದರೆ ಗಾಳಿ ಬೆನ್ನ ಮೇಲೆ ಸರಿದು ಹೋಗುತ್ತದೆ. ಬರೀ ಹಗುರ ಅನ್ನುವುದಕ್ಕೆ ರೋಡ್ ಬೈಕ್ ಚೆನ್ನಾಗಿಲ್ಲ, ಕೂರುವ ಭಂಗಿಗೆ ಚೆನ್ನಾಗಿದೆ.

ಆದರೆ ಹೆದ್ದಾರಿಯ ಲಾರಿಗಳ ಪಕ್ಕ ಎಷ್ಟು ಹೊತ್ತು ಹೋಗುತ್ತೀರಿ? ಸರ್ವಿಸ್ ರೋಡಿಗೆ ಇಳಿಯಲೇಬೇಕು. ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದರೆ ಸರ್ವಿಸ್ ರೋಡಿನಲ್ಲಿ ಅರ್ಧ ಮೆಕ್ಕೆಜೋಳ. ಒಣ ಹಾಕಲು ರೈತರಿಗೆ ಬೇರೆ ಜಾಗ ಎಲ್ಲಿದೆ, ಅವರನ್ನ ಬೈಯುವುದಿಲ್ಲ. ರಾಶಿ ಗೊತ್ತಾಗಲಿ, ಟಾರ್ಪಾಲು ಹಾರದಿರಲಿ ಅಂತ ಅಂಚಿಗೆ ಬೋರುಗಲ್ಲು ಸಾಲಾಗಿ ಇಟ್ಟಿರುತ್ತಾರೆ. ಸಂಜೆ ರಾಶಿ ಎತ್ತಿ ಚೀಲ ತುಂಬಿದ ಮೇಲೂ ಅಲ್ಲೊಂದು ಇಲ್ಲೊಂದು ಕಲ್ಲು, ಗುಡಿಸಿದರೂ ಉಳಿದ ಕಾಳು ರಸ್ತೆ ಮೇಲೇ. ಏಳು ಗಂಟೆ ಮೇಲೆ ಲೈಟಿಲ್ಲದ ಆ ದಾರಿಯಲ್ಲಿ ಒಣಗಿದ ಕಾಳಿನ ಮೇಲೆ 25 ಎಂಎಂ ಟೈರಿನಲ್ಲಿ ಬ್ರೇಕ್ ಹಿಡಿದು ನೋಡಿ, ಹಿಂದಿನ ಚಕ್ರ ಪಕ್ಕಕ್ಕೆ ಬರುತ್ತದೆ. ಹಾಗಾಗಿ ದಿನಾ ಹರಿಹರಕ್ಕೆ ಹೋಗುವವರಿಗೆ ನನ್ನ ಸಲಹೆ ರೋಡ್ ಬೈಕೇ, ಆದರೆ 32 ಎಂಎಂ ಟೈರು ಹಿಡಿಸುವ ಫ್ರೇಮಿನದು. ಎಷ್ಟೋ ಹಳೆ ಮಾಡೆಲ್ಲುಗಳಲ್ಲಿ 28ಕ್ಕಿಂತ ಅಗಲದ್ದು ಬ್ರೇಕಿನ ಕೆಳಗೆ ನುಗ್ಗುವುದಿಲ್ಲ. ಹೊಸದರಲ್ಲಿ ಡಿಸ್ಕ್ ಬ್ರೇಕ್ ಇರುವುದಕ್ಕೆ ಸಾಮಾನ್ಯವಾಗಿ ಜಾಗ ಇರುತ್ತದೆ, ಕೇಳಿ ತಗೊಳ್ಳಿ. ಮುಂದೆ ಒಳ್ಳೆ ಲೈಟು ಇಲ್ಲದೆ ಆ ದಾರಿಗೆ ಯಾವ ಸೈಕಲ್ಲೂ ಬೇಡ.

ಕೆಲಸಕ್ಕೆ ಹೋಗುವ ಸೈಕಲ್ ಅಂದ ಮೇಲೆ ಬಟ್ಟೆ, ಡಬ್ಬಿ, ಬ್ಯಾಗು ಎಲ್ಲ ನೋಡಬೇಕು. ಎರಡು ಸೈಕಲ್ಲೂ ಇದರಲ್ಲಿ ಫೇಲು. ಚೈನ್ ಕವರ್ ಇಲ್ಲ, ಪ್ಯಾಂಟಿನ ಬಲಗಾಲಿಗೆ ಗ್ರೀಸು ಖಾತ್ರಿ. ಅಪ್ಪನ ಕಾಲದ ಕರಿ ಸೈಕಲ್ಲಿಗೆ ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು, ಸ್ಟ್ಯಾಂಡು, ಡೈನಮೋ ಎಲ್ಲ ಸಿಗುತ್ತಿದ್ದವು. ಈಗ ಅದರ ಹತ್ತರಷ್ಟು ದುಡ್ಡು ಕೊಟ್ಟು ಬೆಲ್ಲು ಕೂಡ ಬೇರೆ ತಗೋಬೇಕು. ಮಳೆಯಲ್ಲಿ ಮಡ್‌ಗಾರ್ಡ್ ಇಲ್ಲದ ರೋಡ್ ಬೈಕು ಬೆನ್ನಿನ ಉದ್ದಕ್ಕೂ ಕೆಸರಿನ ಪಟ್ಟೆ ಎಳೆಯುತ್ತದೆ, ಆಫೀಸಿನಲ್ಲಿ ಬಿಳಿ ಅಂಗಿ ಹಾಕುವವರು ಯೋಚನೆ ಮಾಡಿ. ಏಪ್ರಿಲ್ ಬಿಸಿಲಲ್ಲಿ ಬೆನ್ನಿಗೆ ಬ್ಯಾಗು ಹಾಕಿದರೆ ಅಂಗಿ ಪೂರ್ತಿ ಒದ್ದೆ. ಅದಕ್ಕೇ ಕ್ಯಾರಿಯರ್ ತೂತು ನೋಡಿ ಅಂತ ಮೊದಲೇ ಹೇಳಿದ್ದು. ಸ್ಟ್ಯಾಂಡ್ ಕೂಡ. ರೋಡ್ ಬೈಕಿಗೆ ಸ್ಟ್ಯಾಂಡ್ ಬರಲ್ಲ, ಗೋಡೆಗೆ ಒರಗಿಸಬೇಕು. ಮಂಡಿಪೇಟೆಯಲ್ಲಿ ಯಾರದ್ದೂ ಅಲ್ಲದ ಗೋಡೆ ಹುಡುಕಿ ನೋಡಿ.

ಬ್ರೇಕ್ ವಿಷಯದಲ್ಲಿ ಮಾತ್ರ ಎಂಟಿಬಿ ಗೆದ್ದಿತು. ಆ ರೋಡ್ ಬೈಕಿನಲ್ಲಿದ್ದ ಥರದ ರಿಮ್ ಹಿಡಿಯುವ ಬ್ರೇಕು ಮಳೆಯಲ್ಲಿ ಮೊದಲು ರಿಮ್ಮಿನ ನೀರು ಒರೆಸಿ ಆಮೇಲೆ ಹಿಡಿಯುತ್ತದೆ, ಆ ಒಂದು ಕ್ಷಣದಲ್ಲಿ ಸೈಕಲ್ ಒಂದೆರಡು ಮಾರು ಮುಂದೆ ಹೋಗಿರುತ್ತದೆ. ಡಿಸ್ಕಿಗೆ ಆ ತೊಂದರೆ ಕಮ್ಮಿ. ಆದರೆ ಕಾಲೇಜು, ಆಫೀಸಿನ ಸ್ಟ್ಯಾಂಡಿನಲ್ಲಿ ಪಕ್ಕದ ಗಾಡಿಯವರು ತಗುಲಿಸಿ ಡಿಸ್ಕ್ ಸ್ವಲ್ಪ ಬಗ್ಗಿದರೂ ಸಾಕು, ದಾರಿ ಉದ್ದಕ್ಕೂ ಚಿಂಯ್ ಚಿಂಯ್.

ಗೇರ್ ಎಷ್ಟು ಅಂತ ಕೇಳಿ ಸೈಕಲ್ ತಗೋಬೇಡಿ. 21 ಗೇರಿನ ಎಂಟಿಬಿಯಲ್ಲಿ ಸಾಮಾನ್ಯವಾಗಿ ಮುಂದಿನ ದೊಡ್ಡ ಹಲ್ಲು ಚಕ್ರಕ್ಕೆ 42 ಹಲ್ಲು, ಹಿಂದಿನ ಚಿಕ್ಕದಕ್ಕೆ 14. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಮೂರು ಸುತ್ತು. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 31 ಕಿಲೋಮೀಟರ್. ನಮ್ಮ ಊರೊಳಗೆ ಅಷ್ಟು ಸ್ಪೀಡಿಗೆ ಜಾಗವೇ ಇಲ್ಲ. ದಾವಣಗೆರೆ ಸಮತಟ್ಟು, ಮುಂದೆ ನಡುವಿನ ಚಕ್ರದಲ್ಲೇ ಇಟ್ಟು ಹಿಂದೆ ಮೂರು ನಾಲ್ಕು ಗೇರ್ ಬದಲಿಸಿದರೆ ದಿನ ಕಳೆಯುತ್ತದೆ. ಏಳು ಗೇರಿನ ಸೈಕಲ್ಲೂ ಸಾಕು, ಕೆಡುವ ಭಾಗವೂ ಕಮ್ಮಿ. ಚಿತ್ರದುರ್ಗದವರಿಗೆ ಈ ಮಾತು ಹೇಳುವುದಿಲ್ಲ. ಅಲ್ಲಿ ಕೋಟೆ ಕಡೆ ಹೋಗುವವರಿಗೆ, ಭಾನುವಾರ ಜೋಗಿಮಟ್ಟಿ ಹತ್ತುವ ಹುಚ್ಚಿರುವವರಿಗೆ ಮುಂದಿನ ಚಿಕ್ಕ ಚಕ್ರ ಬೇಕೇ ಬೇಕು, ಅಲ್ಲಿ ಎಂಟಿಬಿಯ ಗೇರು ನಿಜವಾಗಲೂ ಕೆಲಸಕ್ಕೆ ಬರುತ್ತದೆ.

ಈಗಾಗಲೇ ಎಂಟಿಬಿ ಇರುವವರು ಮಾರಬೇಡಿ. ನಾನು ಮಾಡಿದ್ದು ಇಷ್ಟು: ಗುಬ್ಬಿ ಟೈರು ತೆಗೆಸಿ ಒಂದೂವರೆ ಇಂಚಿನ ನುಣುಪು ಟೈರು ಹಾಕಿಸಿದೆ, ಎರಡೂ ಚಕ್ರಕ್ಕೆ ಉದ್ದದ ಮಡ್‌ಗಾರ್ಡು, ಹಿಂದೆ ಕ್ಯಾರಿಯರು. ಆ ಗುಂಯ್ ಸದ್ದು ಹೋಯಿತು, ಅದೇ ದಾರಿಗೆ ಒಂದು ಗೇರು ಮೇಲೆ ಹಾಕಿ ತುಳಿಯುವ ಹಾಗಾಯಿತು. 29 ಇಂಚಿನ ಎಂಟಿಬಿ ಇರುವವರಿಗೆ ಇನ್ನೂ ಸುಲಭ. 29 ಇಂಚಿಗೂ 700ಸಿಗೂ ರಿಮ್ಮಿನ ಅಳತೆ ಒಂದೇ, 622 ಎಂಎಂ. ರಿಮ್ಮಿನ ಅಗಲ ಹೊಂದಿದರೆ ಹೈಬ್ರಿಡ್ಡಿನ 40 ಎಂಎಂ ಟೈರು ಹಾಗೇ ಕೂರುತ್ತದೆ.

ಹೊಸದು ತಗೊಳ್ಳುವವರಿಗೆ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಳೆ ರೇಟು ಹೇಳಿದರೆ ಬಿಲ್ ಕೇಳಿ. ಅಂಗಡಿ ಮುಂದಿನ ನುಣ್ಣನೆ ಜಾಗದಲ್ಲಿ ಒಂದು ಸುತ್ತು ಹೊಡೆದು ಚೆನ್ನಾಗಿದೆ ಅನ್ನಬೇಡಿ, ಹತ್ತಿರದ ಹಂಪ್ ಹುಡುಕಿ ಅದರ ಮೇಲೆ ಓಡಿಸಿ. ಎರಡೂ ಕಾಲು ಊರಿ ನಿಂತಾಗ ಫ್ರೇಮಿನ ಮೇಲಿನ ಪೈಪಿಗೂ ನಿಮಗೂ ನಡುವೆ ಎರಡು ಬೆರಳಾದರೂ ಸಂದು ಇರಬೇಕು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ ಅನ್ನುವವರು ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿ ಆಗುವ ಹೊತ್ತಿಗೆ ಕಾಲೇಜುಗಳ ಕಡೆ ವಿಚಾರಿಸಿ, ಊರಿಗೆ ಹೊತ್ತುಕೊಂಡು ಹೋಗಲಾರದ ಹುಡುಗರು ಒಳ್ಳೆ ರೇಟಿಗೆ ಬಿಡುತ್ತಾರೆ. ಚಕ್ರ ಎತ್ತಿ ತಿರುಗಿಸಿ ಔಟ್ ಇದೆಯಾ ನೋಡಿ, ಚೈನ್ ಎಳೆದು ನೋಡಿ. ಚಕ್ರ ಮತ್ತು ಸೀಟಿಗೆ ಕೈಯಲ್ಲೇ ಬಿಚ್ಚುವ ಲಿವರ್ ಇದ್ದರೆ ಮೊದಲ ದಿನವೇ ತೆಗೆಸಿ ನಟ್ ಬೋಲ್ಟ್ ಹಾಕಿಸಿಬಿಡಿ, ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸುವವರಾದರೆ ಅಂತೂ ಕಡ್ಡಾಯ.